ಸಾಗರದಂಚಿನಲ್ಲಿ ಮಲಗಿದ ಅರಸರು

ಪೆಸಿಫಿಕ್ ಮಹಾಸಾಗರದ ಭೂಪಟವನ್ನು ಬಿಡಿಸಿ ನೋಡಿದರೆ, ನ್ಯೂಜಿಲೆಂಡಿಗೂ ಹವಾಯಿಗೂ ನಡುವೆ, ನೀಲಿಯ ಮೇಲೆ ಲೇಖನಿಯ ಮೊನೆಯಿಂದ ಚುಕ್ಕೆಯಿಟ್ಟಂತೆ ಕೆಲವು ದ್ವೀಪಗಳು ಕಾಣುತ್ತವೆ. ಅವೇ ಸಮೋವಾ ದ್ವೀಪಗಳು. ಅವುಗಳಲ್ಲಿ ಉಪೋಲು ಮತ್ತು ಸವಾಯಿ ಎಂಬ ಎರಡು ದೊಡ್ಡ ದ್ವೀಪಗಳೂ ಸುತ್ತಲಿನ ಕೆಲವು ಕಿರುದ್ವೀಪಗಳೂ ಸೇರಿ ಇಂದು ಒಂದು ಸ್ವತಂತ್ರ ರಾಷ್ಟ್ರವಾಗಿವೆ. ಜನಸಂಖ್ಯೆ ಸುಮಾರು ಎರಡು ಲಕ್ಷ. ನಮ್ಮ ಒಂದು ಸಾಧಾರಣ ಪಟ್ಟಣದಲ್ಲಿ ಹಿಡಿಸುವಷ್ಟು ಜನ. ಆದರೂ ಈ ಪುಟ್ಟ ನಾಡಿನ ಸಿಂಹಾಸನಕ್ಕಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿ, ಬ್ರಿಟನ್, ಅಮೆರಿಕ ಎಂಬ ಮೂರು ಮಹಾಶಕ್ತಿಗಳು ಪರಸ್ಪರ ಕತ್ತಿ ಹಿರಿಯುವಷ್ಟು ಸಮೀಪಕ್ಕೆ ಬಂದಿದ್ದುವೆಂದರೆ ಯಾರಿಗಾದರೂ ಅಚ್ಚರಿಯಾಗದಿರದು.

ಆ ಸಿಂಹಾಸನ ಇಂದು ಇಲ್ಲ. ಅದರ ಮೇಲೆ ಕುಳಿತವರೂ, ಕುಳಿತುಕೊಳ್ಳಲು ಹೋರಾಡಿದವರೂ ಮಲಗಿರುವ ಸ್ಥಳ ಮಾತ್ರ ಉಳಿದಿದೆ. ಅದರ ಹೆಸರು ಮುಲಿನೂ.

ಊರಿನ ತುದಿ

ಸಮೋವಾದ ರಾಜಧಾನಿ ಆಪಿಯಾ ಉಪೋಲು ದ್ವೀಪದ ಉತ್ತರ ತೀರದಲ್ಲಿದೆ. ಕಡಲ ದಂಡೆಯುದ್ದಕ್ಕೂ ಬಾಗಿ ಸಾಗುವ ರಸ್ತೆಯೇ ಪಟ್ಟಣದ ಮುಖ್ಯ ಬೀದಿ. ಒಂದು ಮಗ್ಗುಲಿಗೆ ಅಂಗಡಿಗಳು, ಚರ್ಚುಗಳು, ಸರಕಾರದ ಕಚೇರಿಗಳು. ಇನ್ನೊಂದು ಮಗ್ಗುಲಿಗೆ ಬಂದರಿನ ನೀರು. ನಡುವೆ ಮೊದಲನೆಯ ಮಹಾಯುದ್ಧದ ಸ್ಮಾರಕವಾದ ಗಡಿಯಾರದ ಗೋಪುರ. ಅದನ್ನು ದಾಟಿ ಪಶ್ಚಿಮದ ಕಡೆಗೆ ಹೋದರೆ ಗದ್ದಲ ಮೆಲ್ಲಮೆಲ್ಲನೆ ಹಿಂದೆ ಬೀಳುತ್ತದೆ. ನೆಲ ಕಿರಿದಾಗುತ್ತ, ಕಡಲು ಎರಡು ಕಡೆಗಳಿಂದಲೂ ಹತ್ತಿರಕ್ಕೆ ಸರಿಯುತ್ತದೆ. ಕೊನೆಗೆ ಸಾಗರದೊಳಕ್ಕೆ ನಾಲಗೆಯಂತೆ ಚಾಚಿಕೊಂಡಿರುವ ಒಂದು ಭೂಶಿರ ಉಳಿಯುತ್ತದೆ. ಒಂದು ಕಡೆ ಹವಳದ ದಿಬ್ಬದ ಮೇಲೆ ಒಡೆಯುವ ಬಿಳಿಯ ಅಲೆ. ಇನ್ನೊಂದು ಕಡೆ ಮ್ಯಾಂಗ್ರೋವ್ ಗಿಡಗಳು ಬೇರು ಬಿಟ್ಟ ಕೆಸರುನೀರು. ನಡುವೆ ತೆಂಗಿನ ಮರಗಳು. ಇದೇ ಮುಲಿನೂ. ಸಮೋವಾ ನುಡಿಯಲ್ಲಿ 'ಊರಿನ ತುದಿ' ಎಂದು ಆ ಹೆಸರಿಗೆ ಅರ್ಥ ಹೇಳಬಹುದು.

ಹೆಸರು ಎಷ್ಟು ಸಾಧಾರಣವೋ ಸ್ಥಳದ ಮಹಿಮೆ ಅಷ್ಟೇ ಅಸಾಧಾರಣ. ನಾಡಿನ ಸಂಸತ್ ಭವನ ಇರುವುದು ಇಲ್ಲಿ. ಭೂಮಿಯ ಮತ್ತು ಬಿರುದುಗಳ ವ್ಯಾಜ್ಯಗಳನ್ನು ತೀರ್ಮಾನಿಸುವ ವಿಶೇಷ ನ್ಯಾಯಾಲಯ ಇರುವುದೂ ಇಲ್ಲಿ. ಜರ್ಮನಿಯ ಗಟ್ಟಿಂಗನ್ ನಗರದ ವಿಜ್ಞಾನಿಗಳು ೧೯೦೨ರಲ್ಲಿ ಭೂಕಂಪ ಮತ್ತು ಭೂಕಾಂತತೆಯ ಅಧ್ಯಯನಕ್ಕಾಗಿ ಸ್ಥಾಪಿಸಿದ ವೀಕ್ಷಣಾಲಯವೂ ಇಲ್ಲಿಯದೇ. ೧೯೬೨ರ ಜನವರಿ ೧ರಂದು ದೇಶ ಸ್ವತಂತ್ರವಾದುದರ ಸ್ಮಾರಕ ಇಲ್ಲಿ ನಿಂತಿದೆ. ಇವೆಲ್ಲವುಗಳ ಆಸುಪಾಸಿನಲ್ಲಿಯೇ, ಹುಲ್ಲಿನ ಬಯಲಿನಲ್ಲಿ, ಕಡಲ ಗಾಳಿಗೆ ಮೈಯೊಡ್ಡಿ ಅರಸು ಮನೆತನಗಳ ಸಮಾಧಿಗಳಿವೆ.

ಇವು ತಾಜಮಹಲಿನಂಥ ಸಮಾಧಿಗಳಲ್ಲ. ಗುಮ್ಮಟವಿಲ್ಲ, ಅಮೃತಶಿಲೆಯ ಕುಸುರಿಯಿಲ್ಲ, ಸುತ್ತ ಕಾರಂಜಿಗಳಿಲ್ಲ. ಕಲ್ಲನ್ನೂ ಗಾರೆಯನ್ನೂ ಬಳಸಿ ಒಂದರ ಮೇಲೊಂದು ಕಟ್ಟೆ ಕಟ್ಟಿ, ಮೇಲೆಮೇಲೆ ಹೋದಂತೆ ಕಿರಿದುಗೊಳಿಸಿದ ಮೆಟ್ಟಿಲುಮೆಟ್ಟಿಲಿನ ರಚನೆಗಳು ಅವು. ತುಯಿಮಲೆಯಾಲಿಫಾನೊ ಮನೆತನದ ಸಮಾಧಿಗೆ ಇಂಥ ಏಳು ಅಂತಸ್ತುಗಳಿವೆ. ಹತ್ತಿರದಲ್ಲಿಯೇ ಮತಾಫಾ ಮನೆತನದವರ ಸಮಾಧಿ. ಕೂಗಳತೆಯಲ್ಲಿ ಮಲಿಯೆತೋವಾ ಮತ್ತು ತುಪುವಾ ತಮಾಸೇಸೆ ಮನೆತನದವರ ಸಮಾಧಿಗಳು. ಬದುಕಿದ್ದಾಗ ಒಬ್ಬರ ಮೇಲೊಬ್ಬರು ದಂಡೆತ್ತಿ ಹೋದವರು, ಒಬ್ಬರ ಹೆಸರು ಕೇಳಿದರೆ ಇನ್ನೊಬ್ಬರ ಬೆಂಬಲಿಗರು ಬಂದೂಕಿಗೆ ಕೈ ಹಾಕುತ್ತಿದ್ದವರು, ಈಗ ನೆರೆಹೊರೆಯವರಾಗಿ ಒಂದೇ ಅಲೆಯ ಸದ್ದನ್ನು ಕೇಳುತ್ತ ಮಲಗಿದ್ದಾರೆ.

ಸಮೋವಾದ ಹಳ್ಳಿಗಳನ್ನು ಕಂಡ ಪ್ರವಾಸಿಗೆ ಇದರಲ್ಲೊಂದು ಸ್ವಾರಸ್ಯ ತೋರದಿರದು. ಆ ನಾಡಿನಲ್ಲಿ ಸತ್ತವರನ್ನು ಊರ ಹೊರಗೆ ಒಯ್ದು ಹೂಳುವ ಪದ್ಧತಿ ಕಡಿಮೆ. ಮನೆಯ ಮುಂದಿನ ಅಂಗಳದಲ್ಲಿಯೇ, ಕುಟುಂಬದ ನೆಲದಲ್ಲಿಯೇ ಸಮಾಧಿ ಮಾಡುತ್ತಾರೆ. ಅಜ್ಜನ ಸಮಾಧಿಯ ಪಕ್ಕದಲ್ಲಿ ಮೊಮ್ಮಕ್ಕಳು ಆಡುತ್ತಾರೆ. ಯಾರ ಹಿರಿಯರು ಯಾವ ನೆಲದಲ್ಲಿ ಮಲಗಿದ್ದಾರೋ ಆ ನೆಲದ ಮೇಲೆ ಆ ಕುಟುಂಬಕ್ಕೆ ಹಕ್ಕುಂಟೆಂಬುದಕ್ಕೆ ಸಮಾಧಿಯೇ ಸಾಕ್ಷಿ. ಹಾಗಿರುವಾಗ ಮುಲಿನೂವಿನ ಸಮಾಧಿಗಳು ಇಡಿಯ ದೇಶದ ಅಂಗಳದಲ್ಲಿರುವ ಸಮಾಧಿಗಳೆಂದರೆ ತಪ್ಪಾಗದು.

ನಾಲ್ಕು ಬಿರುದುಗಳು, ಒಬ್ಬ ಅರಸ

ಈ ಸಮಾಧಿಗಳ ಅರ್ಥ ತಿಳಿಯಬೇಕಾದರೆ ಸಮೋವಾದವರ ಅರಸೊತ್ತಿಗೆಯ ರೀತಿಯನ್ನು ಸ್ವಲ್ಪ ತಿಳಿದಿರಬೇಕು. ತಂದೆಯ ಕಿರೀಟ ಹಿರಿಯ ಮಗನಿಗೆ ತಾನಾಗಿ ಸಲ್ಲುವ ಕ್ರಮ ಅಲ್ಲಿಲ್ಲ. ಅಲ್ಲಿ ಅಧಿಕಾರವೆಂದರೆ ಬಿರುದು. ಪ್ರತಿಯೊಂದು ದೊಡ್ಡ ಕುಟುಂಬಕ್ಕೂ ಒಂದು ಬಿರುದುಂಟು. ಅದನ್ನು ಧರಿಸುವವನು 'ಮತಾಯಿ', ಅಂದರೆ ಯಜಮಾನ. ಹಿಂದಿನ ಮತಾಯಿ ತೀರಿಕೊಂಡಾಗ ಕುಟುಂಬದವರೆಲ್ಲ ಕೂಡಿ, ಮಾತುಕತೆ ನಡೆಸಿ, ಯೋಗ್ಯನಾದವನನ್ನು ಆರಿಸುತ್ತಾರೆ. ಮಗನಾಗಬಹುದು, ತಮ್ಮನಾಗಬಹುದು, ಸೋದರಳಿಯನಾಗಬಹುದು, ಹೆಣ್ಣುಮಗಳೂ ಆಗಬಹುದು. ಬಿರುದು ಬಂದ ದಿನದಿಂದ ಅದೇ ಆತನ ಹೆಸರು. ಇಂಥವರೊಡನೆ ಮಾತನಾಡುವಾಗ ಬಳಸುವ ಗೌರವದ ಶಬ್ದಗಳೇ ಬೇರೆ. ಸಾಮಾನ್ಯನ ಸಾವಿಗೆ 'ಓತಿ' ಎಂದರೆ, ಗಣ್ಯನ ಸಾವಿಗೆ 'ಮಲಿಯು' ಎಂದು ಹೇಳಬೇಕು. ಸತ್ತರು ಎನ್ನುವುದಕ್ಕೂ ಸ್ವರ್ಗಸ್ಥರಾದರು ಎನ್ನುವುದಕ್ಕೂ ಇರುವ ಅಂತರವನ್ನು ಬಲ್ಲ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಿರುದುಗಳಲ್ಲಿಯೂ ಮೇಲುಕೀಳುಗಳುಂಟು. ಪ್ರಾಚೀನ ಕಾಲದಿಂದ ನಾಲ್ಕು ಬಿರುದುಗಳು ಅತ್ಯುನ್ನತವೆಂದು ಮನ್ನಣೆ ಪಡೆದಿದ್ದುವು: ತುಯಿ ಆಅನ, ತುಯಿ ಅತುವಾ, ಗತೊಅಯಿತೇಲೆ ಮತ್ತು ತಮಾಸೊಆಲಿಯಿ. ಈ ನಾಲ್ಕನ್ನೂ ಒಬ್ಬರೇ ಪಡೆದರೆ ಅವರು 'ತಫಾಯಿಫಾ', ಅಂದರೆ ಸಮಸ್ತ ಸಮೋವಾದ ಒಡೆಯರು. ಮೊಟ್ಟಮೊದಲಿಗೆ ಈ ನಾಲ್ಕು ಬಿರುದುಗಳನ್ನು ಒಟ್ಟಿಗೆ ಧರಿಸಿದವಳು ಒಬ್ಬ ಮಹಿಳೆ, ರಾಣಿ ಸಲಮಾಸಿನಾ, ಎಂಬುದು ಗಮನಿಸತಕ್ಕ ಸಂಗತಿ. ಅವಳ ಆಳ್ವಿಕೆಯನ್ನು ಸಮೋವಾದವರು ಶಾಂತಿಯ ಕಾಲವೆಂದು ಇಂದಿಗೂ ನೆನೆಯುತ್ತಾರೆ.

ಮಲಿಯೆತೋವಾ ಎಂಬ ಬಿರುದಿನ ಹುಟ್ಟಿನ ಕಥೆಯೂ ಸೊಗಸಾಗಿದೆ. ಒಂದಾನೊಂದು ಕಾಲದಲ್ಲಿ ನೆರೆಯ ಟೋಂಗಾ ದ್ವೀಪದ ಅರಸರು ಸಮೋವಾವನ್ನು ಆಳುತ್ತಿದ್ದರಂತೆ. ತುನಾ ಮತ್ತು ಫಾತಾ ಎಂಬ ಸೋದರರ ಮುಂದಾಳುತನದಲ್ಲಿ ಸಮೋವಾದವರು ದಂಗೆಯೆದ್ದು ಅವರನ್ನು ಕಡಲಿಗೆ ಅಟ್ಟಿದರು. ಸೋತು ದೋಣಿಯೇರಿದ ಟೋಂಗಾದ ಅರಸನು ದಡದಲ್ಲಿ ನಿಂತಿದ್ದವರ ಕಡೆಗೆ ತಿರುಗಿ, ಭಲೆ ವೀರರೇ, ಚೆನ್ನಾಗಿ ಕಾದಿದಿರಿ ಎಂದು ಮೆಚ್ಚುಗೆಯ ನುಡಿಯಾಡಿದನಂತೆ. ಶತ್ರುವಿನ ಬಾಯಿಂದ ಬಂದ ಆ 'ಮಲಿಯೆ ತೋವಾ' ಎಂಬ ಹೊಗಳಿಕೆಯೇ ಬಿರುದಾಯಿತು. ಸೋತವನು ಗೆದ್ದವನನ್ನು ಹೊಗಳುವಂಥ ದಾಕ್ಷಿಣ್ಯ ಮುಂದೆ ಬಂದ ಶತ್ರುಗಳಲ್ಲಿ ಕಾಣಲಿಲ್ಲ.

ಮೂರು ಧ್ವಜಗಳ ನೆರಳು

೧೮೩೦ರಲ್ಲಿ ಜಾನ್ ವಿಲಿಯಮ್ಸ್ ಎಂಬ ಇಂಗ್ಲಿಷ್ ಮಿಶನರಿ ಸವಾಯಿ ದ್ವೀಪದಲ್ಲಿ ಬಂದಿಳಿದಾಗ ಅವನನ್ನು ಬರಮಾಡಿಕೊಂಡವನು ಮಲಿಯೆತೋವಾ ವಾಯಿನುಪೊ. ನಾಲ್ಕು ಬಿರುದುಗಳೂ ಅವನಲ್ಲಿಯೇ ಕೂಡಿದ್ದುವು. ಅವನ ತರುವಾಯ ಅವು ಮತ್ತೆ ಬೇರೆಬೇರೆ ಕೈಗಳಿಗೆ ಹಂಚಿಹೋದುವು. ಅಲ್ಲಿಂದ ಮುಂದೆ ಉತ್ತರಾಧಿಕಾರದ ಕಲಹ ನಿಲ್ಲಲಿಲ್ಲ.

ಈ ಕಲಹ ಸಮೋವಾದವರ ನಡುವಣದಾಗಿಯೇ ಉಳಿದಿದ್ದರೆ ಅವರ ಹಳೆಯ ಕ್ರಮದಲ್ಲಿ, ಸಭೆ ಸೇರಿ, ಕಾವಾ ಪಾನಕವನ್ನು ಹಂಚಿಕೊಂಡು, ಒಂದಲ್ಲ ಒಂದು ದಿನ ತೀರಿಹೋಗುತ್ತಿತ್ತೋ ಏನೊ. ಆದರೆ ಅಷ್ಟರಲ್ಲಿ ಆಪಿಯಾ ಬಂದರಿಗೆ ಹೊರಗಿನವರು ಬಂದು ನೆಲೆಸಿದ್ದರು. ಹ್ಯಾಂಬರ್ಗಿನ ಗೊಡೆಫ್ರಾಯ್ ಸಂಸ್ಥೆ ಕೊಬ್ಬರಿಯ ವ್ಯಾಪಾರಕ್ಕಾಗಿ ಅಂಗಡಿ ತೆರೆದು, ವಿಶಾಲವಾದ ತೆಂಗಿನ ತೋಟಗಳನ್ನು ಎಬ್ಬಿಸಿತು. ಬ್ರಿಟಿಷರೂ ಅಮೆರಿಕನ್ನರೂ ಹಿಂದೆ ಬೀಳಲಿಲ್ಲ. ಮೂರು ದೇಶಗಳ ಕಾನ್ಸಲರು ಮೂರು ಧ್ವಜಗಳನ್ನು ಹಾರಿಸಿಕೊಂಡು ಕುಳಿತರು. ಒಬ್ಬನು ಒಂದು ಪಕ್ಷದ ಅರಸನನ್ನು ಎತ್ತಿ ಹಿಡಿದರೆ ಮತ್ತೊಬ್ಬನು ಎದುರು ಪಕ್ಷದವನಿಗೆ ಬಂದೂಕು ಒದಗಿಸುವನು. ಬಂದೂಕಿಗೆ ಬೆಲೆಯಾಗಿ ಭೂಮಿ ಕೈಬದಲಾಯಿಸುವುದು. ಹೀಗೆ ಯಜಮಾನನನ್ನು ಆರಿಸುವ ಮನೆಯ ಮಾತು ಮಹಾಶಕ್ತಿಗಳ ಪಗಡೆಯಾಟವಾಯಿತು.

ಆ ಕಾಲಕ್ಕೆ ಸಮೋವಾದ ಅರಸರ ಬೀಡು ಮುಲಿನೂ. ಆಪಿಯಾ ಪಟ್ಟಣ ಪರದೇಶಿಗಳ ಹಿಡಿತದಲ್ಲಿ. ಅದರ ಅಂಚಿನ ಈ ಕಿರಿದಾದ ನೆಲ ಮಾತ್ರ ಅರಸನದು. ಮೇಲುಗೈಯಾದವನು ಮುಲಿನೂವಿನಲ್ಲಿ ಧ್ವಜವೇರಿಸುವನು. ಸೋತವನು ಅದನ್ನು ಬಿಟ್ಟು ಕಾಡಿಗೆ ಹೋಗುವನು. ಇಲ್ಲಿ ಕುಳಿತವನೇ ಅರಸನೆಂಬ ಭಾವನೆ ಜನರಲ್ಲಿ ಬೇರೂರಿತು.

ಇಬ್ಬರು ಅರಸರು

ಮುಲಿನೂವಿನಲ್ಲಿ ಮಲಗಿರುವವರಲ್ಲಿ ಇಬ್ಬರ ಕಥೆ ಮನಸ್ಸನ್ನು ಹೆಚ್ಚಾಗಿ ಕಲಕುವಂಥದು. ಒಬ್ಬನು ಮಲಿಯೆತೋವಾ ಲೌಪೇಪಾ. ಇನ್ನೊಬ್ಬನು ಮತಾಫಾ ಇಯೋಸೇಫೊ.

ಲೌಪೇಪಾ ಪ್ರಾಟೆಸ್ಟೆಂಟ್ ಮಿಶನರಿಗಳ ಬಳಿ ವಿದ್ಯೆ ಕಲಿತ ಸೌಮ್ಯ ಸ್ವಭಾವದ ಮನುಷ್ಯ. ೧೮೮೭ರಲ್ಲಿ ಜರ್ಮನರು ಅವನನ್ನು ಪದಚ್ಯುತಗೊಳಿಸಿ, ಅವನ ಬದಲಿಗೆ ತಮಾಸೇಸೆಯನ್ನು ಅರಸನೆಂದು ಸಾರಿದರು. ಲೌಪೇಪಾ ಕಾಡಿಗೆ ಹೋಗಿ ತಲೆಮರೆಸಿಕೊಳ್ಳಬಹುದಾಗಿತ್ತು. ಆದರೆ ತನಗಾಗಿ ಜನರ ರಕ್ತ ಹರಿಯಬಾರದೆಂದು ಬಗೆದು ಅವನು ತಾನಾಗಿಯೇ ಬಂದು ಜರ್ಮನ್ ಯುದ್ಧನೌಕೆಗೆ ಶರಣಾದನು. ಹೊರಡುವ ಮುನ್ನ ತನ್ನ ಜನಕ್ಕೆ ಬೀಳ್ಕೊಡುಗೆಯ ಪತ್ರವೊಂದನ್ನು ಬರೆದಿಟ್ಟನು. ಅವನನ್ನು ಆಫ್ರಿಕದ ಕ್ಯಾಮೆರೂನಿಗೆ, ಅಲ್ಲಿಂದ ಜರ್ಮನಿಗೆ, ಮತ್ತೆ ಅಲ್ಲಿಂದ ಮಾರ್ಷಲ್ ದ್ವೀಪಗಳಿಗೆ ಸಾಗಿಸಿದರು. ತೆಂಗಿನ ನೆರಳಿನಲ್ಲಿ ಬೆಳೆದ ದ್ವೀಪದ ಅರಸನು ಭೂಮಂಡಲದ ಅರ್ಧಭಾಗವನ್ನು ಸೆರೆಯಾಳಾಗಿ ಕಂಡನು.

ಅವನು ಹೋದ ಮೇಲೆ ಜನರ ಅಸಮಾಧಾನಕ್ಕೆ ಮುಖಂಡನಾದವನು ಮತಾಫಾ. ಇವನು ಕ್ಯಾಥೊಲಿಕ್ ಮತದವನು, ಗಂಭೀರ ವ್ಯಕ್ತಿತ್ವದವನು, ಯುದ್ಧದಲ್ಲಿ ನಿಪುಣ. ೧೮೮೮ರ ಡಿಸೆಂಬರ್ ೧೮ರಂದು ಆಪಿಯಾದ ಪೂರ್ವಕ್ಕೆ ದಡವಿಳಿದ ಜರ್ಮನ್ ನಾವಿಕ ಪಡೆಯನ್ನು ಮತಾಫಾನ ಕಡೆಯವರು ಸೋಲಿಸಿ ಹಿಮ್ಮೆಟ್ಟಿಸಿದರು. ಬರ್ಲಿನ್ನಿನಲ್ಲಿಯೂ ವಾಷಿಂಗ್ಟನ್ನಿನಲ್ಲಿಯೂ ಕೋಲಾಹಲವೆದ್ದಿತು. ಮೂರು ಜರ್ಮನ್, ಮೂರು ಅಮೆರಿಕನ್ ಮತ್ತು ಒಂದು ಬ್ರಿಟಿಷ್ ಯುದ್ಧನೌಕೆಗಳು ಆಪಿಯಾದ ಇಕ್ಕಟ್ಟಾದ ಬಂದರಿನಲ್ಲಿ ಲಂಗರು ಹಾಕಿ, ಒಂದನ್ನೊಂದು ದುರುಗುಟ್ಟಿಕೊಂಡು ನಿಂತುವು.

ಆಗ ಮೇಲಿನಿಂದ ತೀರ್ಪು ಬಂದಿತು. ೧೮೮೯ರ ಮಾರ್ಚ್ ೧೫ ಮತ್ತು ೧೬ರಂದು ಭಯಂಕರವಾದ ಚಂಡಮಾರುತ ಬೀಸಿತು. ಬಂದರನ್ನು ಬಿಟ್ಟು ಮೊದಲೇ ಹೊರಸಮುದ್ರಕ್ಕೆ ಹೋಗಿದ್ದರೆ ಹಡಗುಗಳು ಉಳಿಯುತ್ತಿದ್ದುವು. ಆದರೆ ಎದುರಾಳಿ ಇರುವಾಗ ತಾನು ಮೊದಲು ಹೊರಡುವುದು ಹೇಗೆಂದು ಯಾರೂ ಹೊರಡಲಿಲ್ಲ. ಬ್ರಿಟಿಷರ 'ಕ್ಯಾಲಿಯೊಪ್' ಒಂದೇ ತನ್ನ ಯಂತ್ರದ ಸರ್ವಶಕ್ತಿಯನ್ನೂ ಹಾಕಿ ಅಲೆಗಳಿಗೆ ಇದಿರಾಗಿ ಹೊರಬಿದ್ದು ಉಳಿಯಿತು. ಮಿಕ್ಕ ಆರು ನೌಕೆಗಳು ಹವಳದ ದಿಬ್ಬಕ್ಕೆ ಅಪ್ಪಳಿಸಿ ಒಡೆದುವು, ಇಲ್ಲವೆ ದಡಕ್ಕೆ ಬಿದ್ದುವು. ಸುಮಾರು ೧೫೦ ನಾವಿಕರು ಮಡಿದರು. ಆ ಕತ್ತಲೆಯಲ್ಲಿ, ಆ ನೊರೆಯುಕ್ಕುವ ಅಲೆಗಳೊಳಕ್ಕೆ ಕೈಕೈ ಹಿಡಿದು ಇಳಿದು, ಮುಳುಗುತ್ತಿದ್ದವರನ್ನು ಎಳೆದು ತಂದವರು ಸಮೋವಾದ ಜನ. ಮೂರು ತಿಂಗಳ ಹಿಂದೆ ಯಾರ ಮೇಲೆ ಗುಂಡು ಹಾರಿಸಿದ್ದರೋ ಆ ಜರ್ಮನರನ್ನೂ ಅವರು ಬಿಡದೆ ಕಾಪಾಡಿದರು. ಆ ದುರಂತದಲ್ಲಿ ಮಡಿದ ಜರ್ಮನ್ ನಾವಿಕರ ಸ್ಮಾರಕವೂ ಮುಲಿನೂವಿನಲ್ಲಿಯೇ ಇದೆ.

ಅದೇ ವರ್ಷ ಜೂನ್ ತಿಂಗಳಲ್ಲಿ ಬರ್ಲಿನ್ನಿನಲ್ಲಿ ಮೂರು ಶಕ್ತಿಗಳು ಒಪ್ಪಂದ ಮಾಡಿಕೊಂಡುವು. ಸಮೋವಾ ಸ್ವತಂತ್ರವೆಂದು ಸಾರಿ, ಲೌಪೇಪಾನನ್ನೇ ಮರಳಿ ಅರಸನನ್ನಾಗಿ ಮಾಡಿದುವು. ಗಡೀಪಾರಿನಿಂದ ಬಂದ ಲೌಪೇಪಾನಿಗೂ, ಅವನಿಲ್ಲದಾಗ ಜನರ ಹೃದಯವನ್ನು ಗೆದ್ದಿದ್ದ ಮತಾಫಾನಿಗೂ ಮೊದಮೊದಲು ವೈರವಿರಲಿಲ್ಲ. ಆದರೆ ಒಂದು ನಾಡಿನಲ್ಲಿ ಇಬ್ಬರು ಅರಸರು ಎಷ್ಟು ದಿನ ಇದ್ದಾರು? ಹೊರಗಿನವರ ತುತ್ತೂರಿ ನಿಲ್ಲಲಿಲ್ಲ. ೧೮೯೩ರಲ್ಲಿ ಯುದ್ಧವಾಯಿತು, ಮತಾಫಾ ಸೋತನು. ಈ ಬಾರಿ ಗಡೀಪಾರಾಗುವ ಸರದಿ ಅವನದು. ಲೌಪೇಪಾನನ್ನು ಇಟ್ಟಿದ್ದ ಮಾರ್ಷಲ್ ದ್ವೀಪಗಳಿಗೇ ಅವನನ್ನೂ ಕಳುಹಿಸಿದರು.

'ಟ್ರೆಷರ್ ಐಲೆಂಡ್' ಕಾದಂಬರಿಯ ಮೂಲಕ ನಮ್ಮ ವಿದ್ಯಾರ್ಥಿಗಳಿಗೂ ಪರಿಚಿತನಾದ ರಾಬರ್ಟ್ ಲೂಯಿ ಸ್ಟೀವನ್‌ಸನ್ ಆಗ ಆಪಿಯಾದ ಮೇಲಿನ ವೈಲಿಮಾ ಎಂಬಲ್ಲಿ ಮನೆ ಕಟ್ಟಿಕೊಂಡಿದ್ದನು. ಮತಾಫಾನ ಪಕ್ಷವನ್ನು ವಹಿಸಿ, ಮಹಾಶಕ್ತಿಗಳ ನಡತೆಯನ್ನು ಖಂಡಿಸಿ ಅವನು ೧೮೯೨ರಲ್ಲಿ ಒಂದು ಪುಸ್ತಕವನ್ನೇ ಬರೆದನು. ಮತಾಫಾನ ಕಡೆಯ ನಾಯಕರು ಸೆರೆಮನೆಯಲ್ಲಿದ್ದಾಗ ಅವರನ್ನು ನೋಡಿಕೊಂಡನು. ಬಿಡುಗಡೆಯಾದ ಆ ನಾಯಕರು ಕೃತಜ್ಞತೆಯಿಂದ ಅವನ ಮನೆಯವರೆಗೆ ತಮ್ಮ ಕೈಯಾರೆ ರಸ್ತೆಯೊಂದನ್ನು ಕಡಿದು ಕೊಟ್ಟರು. ೧೮೯೪ರ ಡಿಸೆಂಬರ್ ೩ರಂದು ಅವನು ತೀರಿಕೊಂಡಾಗ ವೈಯಾ ಬೆಟ್ಟದ ನೆತ್ತಿಯವರೆಗೆ ರಾತ್ರೋರಾತ್ರಿ ಕಾಡು ಕಡಿದು ದಾರಿ ಮಾಡಿ, ಅವನನ್ನು ಅಲ್ಲಿ ಮಣ್ಣು ಮಾಡಿದವರೂ ಸಮೋವಾದವರೇ. ಇಂದು ಆಪಿಯಾಕ್ಕೆ ಹೋಗುವ ಪ್ರವಾಸಿಗಳಲ್ಲಿ ಬಹುಮಂದಿ ಬೆಟ್ಟವೇರಿ ಆ ಸಮಾಧಿಯನ್ನು ನೋಡಿ ಬರುತ್ತಾರೆ. ಅವನು ಯಾರಿಗಾಗಿ ಬರೆದನೋ ಅವರ ಸಮಾಧಿಗಳು ಕೆಳಗೆ ಕಡಲ ಮಗ್ಗುಲಲ್ಲಿ ಇರುವುದನ್ನು ಅರಿತು ಹುಡುಕಿಕೊಂಡು ಹೋಗುವವರು ಕೆಲವರು ಮಾತ್ರ.

ಸಿಂಹಾಸನದ ಅಂತ್ಯ

೧೮೯೮ರ ಆಗಸ್ಟ್ ೨೨ರಂದು ಲೌಪೇಪಾ ತೀರಿಕೊಂಡನು. ಮತಾಫಾ ಗಡೀಪಾರಿನಿಂದ ಮರಳುವ ಹೊತ್ತಿಗೆ ಅವನ ಹಳೆಯ ಎದುರಾಳಿ ಇರಲಿಲ್ಲ. ಜನರಲ್ಲಿ ಹೆಚ್ಚಿನವರು ಮತಾಫಾನನ್ನು ಅರಸನಾಗಿ ಆರಿಸಿದರು. ಆದರೆ ಬರ್ಲಿನ್ ಒಪ್ಪಂದದ ಪ್ರಕಾರ ಕೊನೆಯ ಮಾತು ಶ್ರೇಷ್ಠ ನ್ಯಾಯಾಧೀಶನದು, ಆತ ಅಮೆರಿಕದವನು. ೧೮೯೮ರ ಡಿಸೆಂಬರ್ ೩೧ರಂದು ಅವನು ತೀರ್ಪಿತ್ತನು: ಮತಾಫಾನಿಗೆ ಅರ್ಹತೆಯಿಲ್ಲ, ಲೌಪೇಪಾನ ಮಗ, ಇನ್ನೂ ವಿದ್ಯಾರ್ಥಿಯಾಗಿದ್ದ ತರುಣ ತನುಮಫೀಲಿಯೇ ಅರಸ.

ಹೊಸ ವರ್ಷದ ಮೊದಲ ದಿನವೇ ಗುಂಡಿನ ಸದ್ದು ಕೇಳಿಸಿತು. ಮತಾಫಾನ ಪಡೆ ಆಪಿಯಾವನ್ನು ಹಿಡಿಯಿತು. ಮಾರ್ಚ್ ತಿಂಗಳಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಯುದ್ಧನೌಕೆಗಳು ಪಟ್ಟಣದ ಮೇಲೂ ಸುತ್ತಲಿನ ಹಳ್ಳಿಗಳ ಮೇಲೂ ಫಿರಂಗಿ ಹಾರಿಸಿದುವು. ಆ ಹೊಗೆ ಆರುವ ಮುನ್ನವೇ ತನುಮಫೀಲಿಗೆ ಮುಲಿನೂವಿನಲ್ಲಿ ಪಟ್ಟ ಕಟ್ಟಿದರು. ಪಟ್ಟವೇನೋ ಆಯಿತು, ಅದು ಮೂರು ತಿಂಗಳೂ ಉಳಿಯಲಿಲ್ಲ. ಮೂರು ಶಕ್ತಿಗಳು ಕಳುಹಿಸಿದ ಆಯೋಗವು ಬಂದು, ಎರಡು ಪಕ್ಷಗಳಿಂದಲೂ ಬಂದೂಕುಗಳನ್ನು ಕೆಳಗಿಡಿಸಿ, ೧೮೯೯ರ ಜೂನ್ ತಿಂಗಳಲ್ಲಿ ಅರಸೊತ್ತಿಗೆಯನ್ನೇ ರದ್ದುಮಾಡಿತು. ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಕುಳಿತು ಮೂರು ದೇಶಗಳು ಸಮೋವಾವನ್ನು ಹಂಚಿಕೊಂಡುವು. ಪಶ್ಚಿಮದ ದ್ವೀಪಗಳು ಜರ್ಮನಿಗೆ; ಪೂರ್ವದವು ಅಮೆರಿಕಕ್ಕೆ; ಬ್ರಿಟನ್ನಿಗೆ ಬೇರೆಡೆಗಳಲ್ಲಿ ಪ್ರತಿಫಲ. ಆ ಕಾಗದದ ಮೇಲೆ ಒಬ್ಬ ಸಮೋವನ್ನನ ರುಜುವೂ ಇರಲಿಲ್ಲ. ೧೯೦೦ರ ಮಾರ್ಚ್ ೧ರಂದು ಮುಲಿನೂವಿನಲ್ಲಿ ಜರ್ಮನಿಯ ಧ್ವಜ ಏರಿತು.

ಜರ್ಮನ್ ಗವರ್ನರ್ ವಿಲ್ಹೆಲ್ಮ್ ಸೋಲ್ಫ್ ಚತುರನಾದ ಆಡಳಿತಗಾರ. ಜನರು ಅರಸನೆಂದು ನಂಬಿದ್ದ ಮತಾಫಾನನ್ನು 'ಅಲೀಯಿ ಸೀಲಿ', ಅಂದರೆ ಹಿರಿಯ ನಾಯಕ ಎಂಬ ಹೆಸರಿನಿಂದ ನೇಮಿಸಿದನು. ಅರಸನ ಮೇಲಿದ್ದ ಗೌರವ ಮುದುಕನಿಗೆ ಸಂದಿತು. ಅಧಿಕಾರ ಗವರ್ನರನಲ್ಲಿ ಉಳಿಯಿತು. ೧೯೧೨ರ ಫೆಬ್ರವರಿ ೬ರಂದು ಮತಾಫಾ ಇಯೋಸೇಫೊ ಕಣ್ಣು ಮುಚ್ಚಿದನು. ಅವನೊಡನೆ ಆ ಸ್ಥಾನವೂ ಮುಗಿಯಿತು. ಲೌಪೇಪಾ ಮಲಗಿರುವ ಭೂಶಿರದಲ್ಲಿಯೇ ಅವನಿಗೂ ಸಮಾಧಿಯಾಯಿತು. ಇಬ್ಬರಿಗೂ ಪದವಿ ಬಂದದ್ದು ಹೊರಗಿನವರಿಂದ. ಇಬ್ಬರೂ ಗಡೀಪಾರಾದದ್ದು ಹೊರಗಿನವರಿಂದ. ತಮ್ಮದೇ ಎಂದು ಅವರಿಗೆ ಕೊನೆಗೆ ಉಳಿದದ್ದು ಈ ಆರಡಿ ನೆಲ ಒಂದೇ.

ಸಮಾಧಿಗಳಿಂದ ಎದ್ದ ನಾಡು

೧೯೧೪ರಲ್ಲಿ ಮಹಾಯುದ್ಧ ಆರಂಭವಾದೊಡನೆ ನ್ಯೂಜಿಲೆಂಡಿನ ಸೈನ್ಯ ಬಂದು ಜರ್ಮನ್ ಸಮೋವಾವನ್ನು ಹಿಡಿಯಿತು. ಧ್ವಜ ಬದಲಾಯಿತು, ದುಃಖ ಬದಲಾಗಲಿಲ್ಲ. ೧೯೧೮ರ ನವೆಂಬರ್ ೭ರಂದು ಇನ್‌ಫ್ಲುಯೆನ್ಜಾ ರೋಗಿಗಳನ್ನು ಹೊತ್ತ 'ತಲೂನೆ' ಎಂಬ ಹಡಗು ಆಕ್ಲೆಂಡಿನಿಂದ ಬಂದಿತು. ಅಧಿಕಾರಿಗಳು ಅದನ್ನು ತಡೆಯಲಿಲ್ಲ. ಕೆಲವೇ ವಾರಗಳಲ್ಲಿ ಪಶ್ಚಿಮ ಸಮೋವಾದ ಜನಸಂಖ್ಯೆಯಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ, ಸುಮಾರು ೮,೫೦೦ ಜನ, ಸತ್ತರು. ಹಿರಿಯ ಮತಾಯಿಗಳಲ್ಲಿ ಎಷ್ಟೋ ಮಂದಿ ಒಟ್ಟಿಗೆ ಹೋದರು. ನೆರೆಯ ಅಮೆರಿಕನ್ ಸಮೋವಾದಲ್ಲಿ ಹಡಗುಗಳನ್ನು ಹೊರಗೇ ನಿಲ್ಲಿಸಿದ್ದರಿಂದ ಅಲ್ಲಿ ರೋಗ ಕಾಲಿಡಲಿಲ್ಲ. ಈ ನೋವು 'ಮಾವು' ಎಂಬ ಅಹಿಂಸಾತ್ಮಕ ಸ್ವಾತಂತ್ರ್ಯ ಚಳವಳಿಗೆ ಬಲಕೊಟ್ಟಿತು. ೧೯೨೯ರ ಡಿಸೆಂಬರ್ ೨೮ರಂದು ಆಪಿಯಾದ ಬೀದಿಯಲ್ಲಿ ಶಾಂತವಾಗಿ ಸಾಗುತ್ತಿದ್ದ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ಚಳವಳಿಯ ನಾಯಕ ತುಪುವಾ ತಮಾಸೇಸೆ ಲೆಯಾಲೋಫಿ ಗಾಯಗೊಂಡು ಮರುದಿನ ತೀರಿಕೊಂಡನು. ತನ್ನ ಸಾವಿಗೆ ಸೇಡು ತೀರಿಸಬಾರದೆಂದೂ ಶಾಂತಿಯನ್ನು ಬಿಡಬಾರದೆಂದೂ ಅವನು ತನ್ನವರಿಗೆ ಹೇಳಿ ಹೋದನು. ಒಮ್ಮೆ ಜರ್ಮನರು ಅರಸನೆಂದು ಕೂರಿಸಿದ್ದ ತಮಾಸೇಸೆಯ ಮನೆತನದಲ್ಲಿಯೇ ಸ್ವಾತಂತ್ರ್ಯಕ್ಕಾಗಿ ಪ್ರಾಣ ಕೊಟ್ಟವನೂ ಹುಟ್ಟಿದ್ದನು.

೧೯೬೨ರಲ್ಲಿ ಸ್ವಾತಂತ್ರ್ಯ ಬಂದಾಗ ಸಮೋವಾದವರು ಹಳೆಯ ಗಾಯಕ್ಕೆ ತಾವೇ ಮದ್ದು ಹುಡುಕಿದರು. ಯಾವ ಮನೆತನದವನು ರಾಷ್ಟ್ರದ ಮುಖ್ಯಸ್ಥನಾಗಬೇಕು ಎಂಬ ಪ್ರಶ್ನೆಗೆ ಇಬ್ಬರೂ ಆಗಲಿ ಎಂದರು. ತುಪುವಾ ತಮಾಸೇಸೆ ಮೆಯಾಓಲೆ ಮತ್ತು ಮಲಿಯೆತೋವಾ ತನುಮಫೀಲಿ (ಎರಡನೆಯವನು) ಜೊತೆಯಾಗಿ ಆ ಸ್ಥಾನವನ್ನು ವಹಿಸಿದರು. ಮೊದಲ ಪ್ರಧಾನಮಂತ್ರಿಯಾದವನು ಮತಾಫಾ ಬಿರುದನ್ನು ಧರಿಸಿದ್ದ ಫಿಯಾಮೆ ಮತಾಫಾ ಫೌಮುಯಿನಾ ಮುಲಿನೂ. ಅವನ ಹೆಸರಿನಲ್ಲಿಯೇ ಈ ಸ್ಥಳ ಬೆರೆತಿದೆ. ಹೀಗೆ ಒಬ್ಬರನ್ನೊಬ್ಬರು ಗಡೀಪಾರಾಗಿ ಕಂಡ ಮನೆತನಗಳು ಒಂದೇ ಸರಕಾರದಲ್ಲಿ ಕುಳಿತುವು.

ಮೆಯಾಓಲೆ ೧೯೬೩ರಲ್ಲಿಯೇ ತೀರಿಕೊಂಡ ಮೇಲೆ, ಲೌಪೇಪಾನ ಮೊಮ್ಮಗನಾದ ತನುಮಫೀಲಿ ೨೦೦೭ರವರೆಗೆ ಒಬ್ಬನೇ ಆ ಸ್ಥಾನದಲ್ಲಿದ್ದು ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ನಿಧನ ಹೊಂದಿದನು. ಬಹಾಯಿ ಧರ್ಮವನ್ನು ಸ್ವೀಕರಿಸಿದ ಮೊದಲ ರಾಷ್ಟ್ರಮುಖ್ಯಸ್ಥನೂ ಅವನೇ. ಆಪಿಯಾದ ಮೇಲಿನ ಬೆಟ್ಟದಲ್ಲಿ ೧೯೮೪ರಲ್ಲಿ ತೆರೆದ ಬಹಾಯಿ ಪ್ರಾರ್ಥನಾ ಮಂದಿರವು, ಎರಡು ವರ್ಷಗಳ ತರುವಾಯ ದೆಹಲಿಯಲ್ಲಿ ತೆರೆದ ಕಮಲ ಮಂದಿರದ ಅಕ್ಕನೆನ್ನಬಹುದು. ಅವನ ತರುವಾಯ ರಾಷ್ಟ್ರಮುಖ್ಯಸ್ಥನನ್ನು ಐದು ವರ್ಷಗಳಿಗೊಮ್ಮೆ ಸಂಸತ್ತು ಚುನಾಯಿಸುತ್ತ ಬಂದಿದೆ. ಮೊದಲು ತುಪುವಾ ತಮಾಸೇಸೆ ಮನೆತನದವನಿಗೂ, ೨೦೧೭ರಲ್ಲಿ ತುಯಿಮಲೆಯಾಲಿಫಾನೊ ಮನೆತನದವನಿಗೂ ಆ ಗೌರವ ಸಂದಿತು.

ಬಾಗಿಲು ಮುಚ್ಚಿದ ದಿನ

ಕಲಹ ಸಮಾಧಿಯಾಯಿತೆಂದು ತಿಳಿಯುವಂತಿಲ್ಲ. ೨೦೨೧ರ ಏಪ್ರಿಲ್ ಚುನಾವಣೆಯಲ್ಲಿ, ಸುಮಾರು ನಾಲ್ಕು ದಶಕಗಳ ಕಾಲ ಆಳಿದ ಪಕ್ಷವು ಬಹುಮತವನ್ನು ಕಳೆದುಕೊಂಡಿತು. ಎದುರು ಪಕ್ಷದ ನಾಯಕಿ ಫಿಯಾಮೆ ನವೋಮಿ ಮತಾಫಾ, ಮೊದಲ ಪ್ರಧಾನಿಯ ಮಗಳು. ಫಲಿತಾಂಶದ ಮೇಲೆ ವ್ಯಾಜ್ಯಗಳು ಎದ್ದುವು. ಮೇ ೨೪ರಂದು ಹೊಸ ಸದಸ್ಯರು ಮುಲಿನೂವಿನ ಸಂಸತ್ ಭವನಕ್ಕೆ ಬಂದಾಗ ಬಾಗಿಲಿಗೆ ಬೀಗ ಬಿದ್ದಿತ್ತು. ನಿಲುವಂಗಿ ತೊಟ್ಟು ಕಾಲ್ನಡಿಗೆಯಲ್ಲಿ ಬಂದ ಶ್ರೇಷ್ಠ ನ್ಯಾಯಾಧೀಶರೇ ಮುಚ್ಚಿದ ಬಾಗಿಲನ್ನು ಕಂಡು ಹಿಂದಿರುಗಬೇಕಾಯಿತು.

ಇಂಥ ಕ್ಷಣದಲ್ಲಿ, ಇದೇ ನೆಲದಲ್ಲಿ, ೧೮೯೯ರಲ್ಲಿ ಏನಾಗಿತ್ತೆಂಬುದು ಅಲ್ಲಿ ನೆರೆದಿದ್ದವರಿಗೆ ತಿಳಿಯದ್ದಲ್ಲ. ಆದರೆ ಈ ಬಾರಿ ಕಲ್ಲೊಂದೂ ಹಾರಲಿಲ್ಲ. ಭವನದ ಮುಂದಿನ ಹುಲ್ಲಿನ ಮೇಲೆ ಡೇರೆ ಹಾಕಿದರು. ಪ್ರಾರ್ಥನೆಯಾಯಿತು, ಹಾಡಾಯಿತು. ಡೇರೆಯ ನೆರಳಿನಲ್ಲಿಯೇ ಪ್ರಮಾಣವಚನ ನಡೆಯಿತು. ಸಿಂಧುವೋ ಅಸಿಂಧುವೋ ಎಂಬುದನ್ನು ನ್ಯಾಯಾಲಯಕ್ಕೆ ಬಿಟ್ಟರು. ಜುಲೈ ೨೩ರಂದು ಮೇಲ್ಮನವಿ ನ್ಯಾಯಾಲಯವು ಆ ಡೇರೆಯ ಪ್ರಮಾಣವಚನ ಊರ್ಜಿತವೆಂದು ತೀರ್ಪಿತ್ತಿತು. ಎರಡೂವರೆ ದಶಕಗಳಿಗೆ ಹತ್ತಿರ ಪ್ರಧಾನಿಯಾಗಿದ್ದವರು ಸ್ಥಾನ ಬಿಟ್ಟರು. ಸಮೋವಾಕ್ಕೆ ಮೊದಲ ಮಹಿಳಾ ಪ್ರಧಾನಿ ಬಂದಳು. ಹಿಂದೊಮ್ಮೆ ಶ್ರೇಷ್ಠ ನ್ಯಾಯಾಧೀಶನ ತೀರ್ಪು ಮರುದಿನವೇ ಯುದ್ಧಕ್ಕೆ ಕಾರಣವಾಗಿದ್ದರೆ, ನೂರ ಇಪ್ಪತ್ತೆರಡು ವರ್ಷಗಳ ಮೇಲೆ ನ್ಯಾಯಾಲಯದ ತೀರ್ಪಿಗೆ ಇಡೀ ದೇಶ ತಲೆಬಾಗಿತು. ಹಿಂದಿನ ತೀರ್ಪು ಪರರದು, ಈಗಿನದು ತಮ್ಮದು. ಅಂತರವಿರುವುದು ಅಲ್ಲಿಯೇ ಇರಬಹುದು.

ಮುಲಿನೂವಿಗೆ ಈಗ ಇರ್ಪ್ಪಿಲ್ಲದ ಶತ್ರುವೆಂದರೆ ಕಡಲು. ಭೂಶಿರ ತಗ್ಗಾದುದು, ದಂಡೆಗೆ ಕಲ್ಲಿನ ತಡೆ ಕಟ್ಟಿ ಅಲೆಗಳನ್ನು ಹಿಡಿಯಬೇಕಾಗಿದೆ. ಏರುತ್ತಿರುವ ಸಾಗರದ ಮುಂದೆ ಪೆಸಿಫಿಕ್ ದ್ವೀಪಗಳೆಲ್ಲದರ ಚಿಂತೆಯೂ ಒಂದೇ. ಇದಕ್ಕೂ ಮೂಲ ದೂರದ ದೊಡ್ಡ ದೇಶಗಳ ನಡತೆಯಲ್ಲಿದೆ ಎಂಬುದನ್ನು ನೆನೆದರೆ, ಹಳೆಯ ಕಥೆಯೇ ಹೊಸ ವೇಷದಲ್ಲಿ ಬಂದಂತೆ ತೋರುತ್ತದೆ.

ಆಪಿಯಾಕ್ಕೆ ಹೋಗುವ ಪ್ರವಾಸಿಯು ಒಂದು ಸಂಜೆಯನ್ನು ಈ ಭೂಶಿರಕ್ಕಾಗಿ ಮೀಸಲಿಡಬೇಕು. ಸಮಾಧಿಗಳ ಮೇಲೆ ಹತ್ತಬಾರದು, ತಗ್ಗಿದ ದನಿಯಲ್ಲಿ ಮಾತನಾಡಬೇಕು. ಹಿರಿಯರ ಮನೆಯಂಗಳದಲ್ಲಿ ನಡೆದುಕೊಳ್ಳುವಂತೆ ನಡೆದುಕೊಂಡರೆ ಸಾಕು. ಬಿಸಿಲು ಇಳಿಯುವ ಹೊತ್ತಿಗೆ ಸಂಸತ್ ಭವನದ ದುಂಡನೆಯ ಮಾಡಿನ ನೆರಳು ಹುಲ್ಲಿನ ಮೇಲೆ ಉದ್ದವಾಗುತ್ತದೆ. ಒಂದು ಪಕ್ಕದಲ್ಲಿ ಆಳುವವರ ಮನೆ, ಇನ್ನೊಂದು ಪಕ್ಕದಲ್ಲಿ ಆಳಿ ಮುಗಿಸಿದವರ ಮನೆ. ನಡುವಣ ದೂರ ಕೆಲವು ನಿಮಿಷಗಳ ನಡಿಗೆ. ಸಭೆಗೆ ಹೋಗುವ ಸದಸ್ಯರೆಲ್ಲರೂ ಆ ದಾರಿಯಾಗಿಯೇ ಹಾದುಹೋಗುತ್ತಾರೆ.